ಮೈನಸ್ ಐವತ್ತಾರು ಮಾರು ಮಲ್ಲಿಗೆ

ಹೂವಿನಹಡಗಲಿಯ ಶಿವಗಂಗಕ್ಕನ ಹೂವಿನ ಅಂಗಡಿಯಲ್ಲಿ ಇಲ್ಲದ ಐವತ್ತಾರು ಮಾರು ಮಲ್ಲಿಗೆ ಮಾರಾಟವಾಗಿದೆ ಎಂಬ ಸುದ್ದಿ ಹುಲುಗೇಶನಿಗೆ ತಿಳಿದದ್ದು ಬೆಳಿಗ್ಗೆ ಏಳು ಗಂಟೆಗೆ, ಹಗರಿಬೊಮ್ಮನಹಳ್ಳಿಯ ತನ್ನ ಬಾಡಿಗೆ ಮನೆಯ ಬಚ್ಚಲಲ್ಲಿ, ಬಾಯಿತುಂಬ ಪೇಸ್ಟಿನ ನೊರೆ ಇರುವಾಗ.

ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದು ಕೈಯಲ್ಲಿ ಫೋನು. ನಿನ್ನೆ ಕೊಂಡದ್ದು ಇನ್ನೂರು ಮಾರು, ಮಾರಾಟವಾದದ್ದು ಇನ್ನೂರ ಐವತ್ತಾರು ಮಾರು, ಉಳಿದ ಸರಕು ಮೈನಸ್ ಐವತ್ತಾರು ಎಂದು ಫೋನು ಕೆಂಪಕ್ಷರದಲ್ಲಿ ಹೇಳುತ್ತಿತ್ತು. ಹುಲುಗೇಶ ನೊರೆಯನ್ನು ನುಂಗಿಬಿಟ್ಟ.

ಇದ್ದ ಹೂವಿಗಿಂತ ಹೆಚ್ಚು ಹೂವು ಮಾರುವುದು ಯಾರಿಂದ ಸಾಧ್ಯ? ಆದರೆ ಆ ಲೆಕ್ಕದ ಸಾಫ್ಟ್‌ವೇರನ್ನು ಬರೆದವನು ಬೇರೆ ಯಾರೂ ಅಲ್ಲ, ಹುಲುಗೇಶನೇ. ಶಿವಗಂಗಕ್ಕನ ಅಂಗಡಿಯಲ್ಲಿ ಒಂದು ತಿಂಗಳು ಬರೀ ಕೊಳ್ಳುವ ಲೆಕ್ಕ, ಇನ್ನೊಂದು ತಿಂಗಳು ಬರೀ ಮಾರುವ ಲೆಕ್ಕ ಬರೆಸಿ, ಅದರ ಮೇಲೆ ಪ್ರಬಂಧವನ್ನೂ ಬರೆದು ವಿಶ್ವವಿದ್ಯಾಲಯಕ್ಕೆ ಕಳಿಸಿ ಆಗಿತ್ತು. ಎರಡನ್ನೂ ಕೂಡಿಸಿ ಓಡಿಸಿದ್ದು ನಿನ್ನೆಯೇ ಮೊದಲು. ಇವತ್ತು ಸಂಜೆ ನಾಲ್ಕು ಗಂಟೆಗೆ ವಿಶ್ವವಿದ್ಯಾಲಯದ ಪರೀಕ್ಷಕರು ಅದೇ ಅಂಗಡಿಗೆ ಬಂದು, ಅದು ಓಡುವುದನ್ನು ಕಣ್ಣಾರೆ ನೋಡಿ, ಪಿಎಚ್‌ಡಿ ಕೊಡಬಹುದೋ ಬೇಡವೋ ಹೇಳುವವರಿದ್ದರು.

ಹುಲುಗೇಶನ ಓದಿನ ಕತೆಯನ್ನು ಇಲ್ಲಿ ಒಂದು ಮಾತು ಹೇಳಲೇಬೇಕು. ಕೊಟ್ಟೂರಿನಲ್ಲಿ ಬಿ.ಕಾಂ. ಮಾಡಿದ. ಲೆಕ್ಕಶಾಸ್ತ್ರ ಅಂದರೆ ಅವನಿಗೆ ಪ್ರಾಣ. ಆಮೇಲೆ ಕಂಪ್ಯೂಟರು ಕಲಿತ, ಅದರ ಮೇಲೂ ಪ್ರಾಣ ಬಂತು. ಒಂದನ್ನು ಬಿಟ್ಟು ಒಂದನ್ನು ಹಿಡಿಯುವ ಬುದ್ಧಿವಂತಿಕೆ ಅವನಿಗಿರಲಿಲ್ಲ. ಎಂ.ಕಾಂ. ಮಾಡಿದ, ಎಂಸಿಎ ಮಾಡಿದ, ಎರಡನ್ನೂ ಗಂಟು ಹಾಕಿ ಸಂಶೋಧನೆಗೆ ಕುಳಿತು ಒಂಬತ್ತು ವರ್ಷ ಕಳೆದ. ಫಲವೇನೆಂದರೆ, ಅವನು ಪಾಠ ಹೇಳುವ ಖಾಸಗಿ ಕಾಲೇಜಿನಲ್ಲಿ ವಾಣಿಜ್ಯ ವಿಭಾಗದಲ್ಲೂ ಅವನಿಗೆ ಕುರ್ಚಿಯಿಲ್ಲ, ಕಂಪ್ಯೂಟರ್ ವಿಭಾಗದಲ್ಲೂ ಇಲ್ಲ. ಎರಡರ ನಡುವಿನ ಜಗಲಿಯಲ್ಲಿ ಒಂದು ಟೇಬಲ್ಲು ಹಾಕಿಕೊಟ್ಟಿದ್ದರು. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೆ ವಾಣಿಜ್ಯದವರು ‘ನಮ್ಮ ಕಂಪ್ಯೂಟರ್ ಹುಲುಗೇಶನ್ನ ಕರೀರಿ’ ಎನ್ನುತ್ತಿದ್ದರು. ಆದಾಯ ತೆರಿಗೆ ತುಂಬುವ ಕಾಲ ಬಂದರೆ ಕಂಪ್ಯೂಟರಿನವರು ‘ನಮ್ಮ ಕಾಮರ್ಸ್ ಹುಲುಗೇಶ’ ಎಂದು ಹುಡುಕಿಕೊಂಡು ಬರುತ್ತಿದ್ದರು. ಸಂಬಳ ಏರಿಸುವ ಮಾತು ಬಂದಾಗ ಮಾತ್ರ ಇಬ್ಬರೂ ಅವನು ಆ ಕಡೆಯವನು ಎಂದು ಬೆರಳು ತೋರಿಸುತ್ತಿದ್ದರು.

ಹೋದ ವಾರ ಕಾಲೇಜಿನ ಕಾರ್ಯದರ್ಶಿ ಕರೆದು ಹೇಳಿದ್ದರು: “ನೋಡಪಾ ಹುಲುಗೇಶ, ಈ ತಿಂಗಳು ಮುಗಿಯೋದ್ರೊಳಗ ಪಿಎಚ್‌ಡಿ ಕಾಗದ ನನ್ನ ಟೇಬಲ್ ಮ್ಯಾಲೆ ಇಡು, ಕಾಯಂ ಮಾಡ್ತೀವಿ. ಇಲ್ಲಾಂದ್ರ ಬ್ಯಾರೆಯವ್ರನ್ನ ನೋಡ್ಕೊಂತೀವಿ. ಆಮ್ಯಾಲೆ ಬ್ಯಾಸರ ಮಾಡ್ಕೋಬ್ಯಾಡ.”

ತಿಂಗಳು ಮುಗಿಯಲು ಇನ್ನು ನಾಲ್ಕೇ ದಿನ ಇತ್ತು.

ಎಂಟೂವರೆಗೆ ಹುಲುಗೇಶ ಕಾಲೇಜಿಗೆ ಓಡಿ, ವಾಣಿಜ್ಯ ವಿಭಾಗದ ಮುಖ್ಯಸ್ಥರಾದ ಉಚ್ಚಂಗೆಪ್ಪನವರ ಮುಂದೆ ಫೋನು ಹಿಡಿದ. ಉಚ್ಚಂಗೆಪ್ಪನವರು ನಿವೃತ್ತಿಗೆ ಎರಡು ವರ್ಷ ಉಳಿದ, ಕನ್ನಡಕವನ್ನು ಮೂಗಿನ ತುದಿಗಿಟ್ಟು ಲೋಕವನ್ನೇ ಲೆಕ್ಕ ತಪಾಸಣೆ ಮಾಡುವ ಜಾತಿಯ ಮನುಷ್ಯ.

“ಇದ್ರಾಗ ನೋಡೂದೇನೈತಿ?” ಎಂದರು ಅವರು. “ಲೆಕ್ಕಶಾಸ್ತ್ರದಾಗ ಇಲ್ಲದ ಸರಕು ಮಾರಾಕ ಬರಂಗಿಲ್ಲ. ಇದು ನಿನ್ನ ಕಂಪ್ಯೂಟರಿನ ತಪ್ಪು. ಆ ಕ್ರಾಂತಿಕುಮಾರನ್ನ ಕೇಳು ಹೋಗು.”

ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಕ್ರಾಂತಿಕುಮಾರ ಹುಲುಗೇಶನ ಓರಗೆಯವನು. ಕಾಲು ಗಂಟೆ ಸಾಫ್ಟ್‌ವೇರನ್ನು ತಿರುವಿ ಹಾಕಿ, ಫೋನು ವಾಪಸು ಕೊಟ್ಟ.

“ಲೇ ದೋಸ್ತ, ಇನ್ನೂರ್ರಾಗ ಇನ್ನೂರ ಐವತ್ತಾರು ಕಳದ್ರ ಮೈನಸ್ ಐವತ್ತಾರು. ಬರೊಬ್ಬರಿ ಐತಿ. ಯಂತ್ರ ಸುಳ್ಳು ಹೇಳಂಗಿಲ್ಲ. ಒಳಗ ಹಾಕಿದ ಲೆಕ್ಕನೇ ಹಾದಿ ತಪ್ಪೈತಿ. ಅದು ಕಾಮರ್ಸಿನವ್ರ ಕೆಲಸ.”

“ಯಾರು ಅಂದವ್ರು ಕಾಮರ್ಸ್ ಅಂತ?” ಎಂದು ಜಗಲಿಯಿಂದ ಉಚ್ಚಂಗೆಪ್ಪನವರ ದನಿ ಬಂತು. ಅವರು ಬಾಗಿಲ ಮರೆಯಲ್ಲೇ ನಿಂತಿದ್ದರು.

ಹತ್ತು ನಿಮಿಷ ಇಬ್ಬರೂ ಹುಲುಗೇಶನ ಟೇಬಲ್ಲಿನ ಆಚೆ ಈಚೆ ನಿಂತು ವಾದ ಮಾಡಿದರು. ಪರೀಕ್ಷಕರ ಮುಂದೆ ಎದುರು ಪಕ್ಷದವನು ತನ್ನ ವಿಭಾಗದ ಮೇಲೆ ತಪ್ಪು ಹೊರಿಸಿಬಿಟ್ಟರೆ ಗತಿಯೇನು ಎಂಬ ಭಯ ಇಬ್ಬರಿಗೂ ಒಟ್ಟಿಗೇ ಹುಟ್ಟಿತು. ಹೀಗಾಗಿ ಹತ್ತೂವರೆಯ ಹಡಗಲಿ ಬಸ್ಸಿನಲ್ಲಿ ಹುಲುಗೇಶನ ಎಡಕ್ಕೊಬ್ಬರು ಬಲಕ್ಕೊಬ್ಬರು ಕುಳಿತರು. ಮೂರು ಟಿಕೇಟನ್ನೂ ಹುಲುಗೇಶನೇ ತೆಗೆಸಿದ.

ಬಸ್ಸಿನಲ್ಲಿ ಗುಟ್ಟು ಎಲ್ಲಿ ಉಳಿಯುತ್ತದೆ? ಎರಡು ಊರು ದಾಟುವಷ್ಟರಲ್ಲಿ ಮೈನಸ್ ಐವತ್ತಾರರ ವಿಷಯ ಡ್ರೈವರನಿಗೂ ಗೊತ್ತಾಗಿತ್ತು. ಮುಂದಿನ ಸೀಟಿನ ಮುದುಕಿಯೊಬ್ಬಳು ಹಿಂದೆ ತಿರುಗಿ, “ಅಲ್ರಪ್ಪಾ, ಮುಂಜಾನೆ ಕಟ್ಟಿದಾಗ ಮೊಗ್ಗಿ ಇರ್ತಾವು, ಸಂಜಿಕ ಅರಳ್ತಾವು. ಅರಳಿದ್ರ ಮಾಲಿ ಉದ್ದ ಆಗಂಗಿಲ್ಲೇನು?” ಎಂದಳು.

ಇಬ್ಬರು ಮುಖ್ಯಸ್ಥರೂ ಮುಖ ಮುಖ ನೋಡಿಕೊಂಡರು. ಕ್ರಾಂತಿಕುಮಾರ ಫೋನು ತೆಗೆದು, ಒಂದು ಮೊಗ್ಗು ನೂರಕ್ಕೆ ಇಪ್ಪತ್ತೆಂಟರಷ್ಟು ಹಿಗ್ಗಬೇಕಾಗುತ್ತದೆ ಎಂದು ಲೆಕ್ಕ ಮಾಡಿದ. ಉಚ್ಚಂಗೆಪ್ಪನವರು ಅದನ್ನು ‘ಸರಕಿನ ಸಹಜ ವೃದ್ಧಿ’ ಎಂದು ಕರೆಯಬಹುದು ಎಂದರು. ಹುಲುಗೇಶನಿಗೆ ಒಂದು ಕ್ಷಣ ಆಸೆಯೂ ಆಯಿತು. ಆದರೆ ಹೂವು ಅರಳಿದರೆ ದಾರವೂ ಅರಳುತ್ತದೆಯೇ ಎಂದು ಕಂಡಕ್ಟರು ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಹಡಗಲಿಯಲ್ಲಿ ಇಳಿದ ಕೂಡಲೇ ಮುಖ್ಯಸ್ಥರಿಬ್ಬರಿಗೂ ಹಸಿವಾಯಿತು. ಮಂಡಕ್ಕಿ ಒಗ್ಗರಣೆ, ಆರು ಮಿರ್ಚಿ, ಮೂರು ಚಹಾ ಮುಗಿದು ಶಿವಗಂಗಕ್ಕನ ಅಂಗಡಿ ಮುಟ್ಟಿದಾಗ ಹನ್ನೆರಡೂವರೆ.

ಶಿವಗಂಗಕ್ಕನದು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅತ್ತೆಯ ಕಾಲದಿಂದ ಬಂದ ಅಂಗಡಿ. ಊರಿನ ಹೆಂಗಸರು ಮನೆಯಲ್ಲಿ ಮಲ್ಲಿಗೆ ಕಟ್ಟಿ ತಂದು ಅವಳಿಗೆ ಮಾರಿನ ಲೆಕ್ಕದಲ್ಲಿ ಕೊಡುತ್ತಿದ್ದರು, ಅವಳು ಗಿರಾಕಿಗಳಿಗೆ ಮಾರಿನ ಲೆಕ್ಕದಲ್ಲಿ ಮಾರುತ್ತಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಹುಲುಗೇಶ ಫೋನು ತೋರಿಸಿದಾಗ ಅವಳು ಕಣ್ಣು ಕಿರಿದು ಮಾಡಿದಳು.

“ಮೈನಸ್ ಅಂದ್ರ ಏನ್ರಿ ಸರ?”

“ಇಲ್ಲದ ಹೂವು ಮಾರೀರಿ ಅಂತ ಅರ್ಥ ಶಿವಗಂಗಕ್ಕ.”

“ಎವ್ವಾ! ಇಲ್ಲದ್ದನ್ನ ಮಾರಾಕ ನಾನೇನು ಕಣ್ಕಟ್ಟಿನಾಕಿ ಅದೀನೇನು? ಬುಟ್ಟ್ಯಾಗ ಇದ್ದದ್ದು ಮಾರೀವಿ. ಮಾರಿ ಮಿಕ್ಕಿದ್ದು ರಾತ್ರಿ ಆಕಳಿಗೆ ಹಾಕೀವಿ. ನಿಮ್ಮ ಫೋನಿಗೆ ಜ್ವರ ಬಂದೈತಿ ನೋಡ್ರಿ.”

ಮಿಕ್ಕಿತ್ತು ಕೂಡ! ಹುಲುಗೇಶ ತಲೆಯ ಮೇಲೆ ಕೈ ಹೊತ್ತು ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತ.

ತನಿಖೆ ಶುರುವಾಯಿತು. ಲೆಕ್ಕಕ್ಕೆ ಬಾರದ ಹೂವು ಎಲ್ಲೋ ಒಳಗಿಂದ ಬರುತ್ತಿದೆ ಎಂಬುದು ಉಚ್ಚಂಗೆಪ್ಪನವರ ಗುಮಾನಿ. ಅವರು ಒದ್ದೆ ಗೋಣಿಚೀಲಗಳನ್ನೆಲ್ಲ ಎತ್ತಿ ಎತ್ತಿ ನೋಡಿದರು. ಸಿಕ್ಕಿದ್ದು ಒಂದು ಕಪ್ಪೆ. ಅದು ಅವರ ಚಪ್ಪಲಿಯ ಮೇಲೆ ಕುಳಿತು ಅವರನ್ನೇ ನೋಡಿತು.

ಕ್ರಾಂತಿಕುಮಾರನ ಗುಮಾನಿ ಬೇರೆ. ಮಾರುವ ಲೆಕ್ಕವನ್ನು ಫೋನಿನಲ್ಲಿ ಒತ್ತುತ್ತಿದ್ದವಳು ಕೆಂಚಕ್ಕ. ಗಲ್ಲೆಯ ಉದ್ದ ಹಲಗೆಯ ಹಿಂದೆ ಮಣೆ ಹಾಕಿಕೊಂಡು ನಿಂತರೂ ಗಿರಾಕಿಗೆ ಅವಳ ಕುಂಕುಮದಿಂದ ಮೇಲಷ್ಟೇ ಕಾಣುತ್ತಿತ್ತು, ಅಷ್ಟು ಗಿಡ್ಡ ಹೆಂಗಸು. “ಒದ್ದಿ ಬೆರಳಿನಾಗ ಒತ್ತಿದ್ರ ಒಂದು ಹೋಗಿ ಎರಡು ಬೀಳ್ತಾವೇನೋ. ಒಂದು ಮಾರಿಗೆ ಒಂದೇ ಸಲ ಒತ್ತೀರಿ ಹೌದಲ್ಲ?” ಎಂದು ಅವನು ಕೇಳಿದ.

ಕೆಂಚಕ್ಕ ಸೊಂಟದ ಮೇಲೆ ಕೈಯಿಟ್ಟಳು. “ಎರಡು ಸಲ ಒತ್ತಿದ್ರ ಗಲ್ಲಾದಾಗ ಎರಡು ಮಾರಿನ ರೊಕ್ಕ ಇರಬೇಕಲ್ರಿ? ನಿನ್ನಿ ರೊಕ್ಕ ಎಣಿಸಿ ಕೊಟ್ಟೀನಿ, ಇನ್ನೂರ ಐವತ್ತಾರು ಮಾರಿಂದು ಪೈಸಾ ಸೈತ ಸರಿ ಐತಿ. ಕೇಳ್ರಿ ನಮ್ಮಕ್ಕನ್ನ.”

ಕೇಳಿದರು. ಸರಿ ಇತ್ತು. ಕ್ರಾಂತಿಕುಮಾರ ಮೆಲ್ಲಗೆ ಚಹಾ ಕುಡಿಯಲು ಹೋದ.

ಒಂದೂವರೆಗೆ ಮಧ್ಯಾಹ್ನದ ಹೂವು ಬಂತು. ಕಟ್ಟುವ ಹೆಂಗಸರು ಸಾಲಾಗಿ ಬಂದು ಒದ್ದೆ ಬಟ್ಟೆಯ ಗಂಟು ಬಿಚ್ಚಿದರು. ಅವರಿಂದ ಅಳೆದುಕೊಳ್ಳುವ ಕೆಲಸ ಎರ್ರೆಮ್ಮನದು. ಎರ್ರೆಮ್ಮ ಅಂಗಡಿಯೊಳಗೆ ಬರಬೇಕಾದರೆ ತೊಲೆಗೆ ತಲೆ ಬಗ್ಗಿಸಿ ಬರುತ್ತಿದ್ದಳು. ಅವಳು ಮಲ್ಲಿಗೆಯ ಎಳೆ ಹಿಡಿದು ಎರಡೂ ಕೈಗಳನ್ನು ಚಾಚಿ “ಒಂದು” ಎಂದಳು. ಬಲಗೈ ಉಚ್ಚಂಗೆಪ್ಪನವರ ಕನ್ನಡಕವನ್ನು ಕೆಡವಿತು. “ಎರಡು” ಎಂದಳು. ಎಡಗೈಯಿಂದ ತಪ್ಪಿಸಿಕೊಳ್ಳಲು ಹುಲುಗೇಶ ಬುಟ್ಟಿಯ ಮೇಲಿಂದ ಕೆಳಗೆ ಬಿದ್ದ.

ಬಿದ್ದವನು ಏಳಲಿಲ್ಲ. ಅಲ್ಲಿಂದಲೇ ಅವನಿಗೆ ಗಲ್ಲೆಯ ಹಿಂದಿನ ಕೆಂಚಕ್ಕ ಕಂಡಳು. ಅವಳು ಗಿರಾಕಿಯೊಬ್ಬನಿಗೆ ಅದೇ ಮಲ್ಲಿಗೆಯನ್ನು ಕೈ ಚಾಚಿ ಅಳೆಯುತ್ತಿದ್ದಳು. ಆ ಪುಟ್ಟ ಕೈಗಳು ಎಷ್ಟು ಚಾಚಿದರೂ ಗಲ್ಲೆಯ ಎರಡು ತುದಿ ಮುಟ್ಟುತ್ತಿರಲಿಲ್ಲ.

“ಸಿಕ್ತು!” ಎಂದು ಹುಲುಗೇಶ ಕೂಗಿದ ಕೂಗಿಗೆ ಗಿರಾಕಿಯೂ ಕಪ್ಪೆಯೂ ಒಟ್ಟಿಗೇ ಹಾರಿದರು. “ಶಿವಗಂಗಕ್ಕ, ಕೊಳ್ಳೋದು ಎರ್ರೆಮ್ಮನ ಮಾರು, ಕೊಡೋದು ಕೆಂಚಕ್ಕನ ಮಾರು!”

ಶಿವಗಂಗಕ್ಕ ಹೂವಿಗೆ ನೀರು ಚಿಮುಕಿಸುವುದನ್ನೂ ನಿಲ್ಲಿಸಲಿಲ್ಲ. “ಹೌದ್ರಿ. ಅದ್ರಾಗ ಹೊಸಾದೇನೈತಿ? ನಮ್ಮತ್ತಿ ಕಾಲದಾಗಿಂದ ಕೊಳ್ಳಾಕ ಉದ್ದ ಕೈಯಾಕಿ, ಕೊಡಾಕ ಗಿಡ್ಡ ಕೈಯಾಕಿ.”

“ಮತ್ತ ಇದು ಮೋಸ ಅಲ್ಲೇನ್ರಿ?” ಎಂದು ಉಚ್ಚಂಗೆಪ್ಪನವರು ಕನ್ನಡಕ ಒರೆಸುತ್ತ ಕೇಳಿದರು.

ಇದಕ್ಕೆ ಉತ್ತರ ಕೊಟ್ಟವರು ಹೂ ಕಟ್ಟುವ ಹೆಂಗಸರು. ಅವರು ಬಿದ್ದು ಬಿದ್ದು ನಕ್ಕರು. ಎರ್ರೆಮ್ಮನ ಕೈ ಉದ್ದ ಎಂದು ಗೊತ್ತಿದ್ದೇ ತಾವು ಹೂವನ್ನು ತುಸು ಸಡಿಲ ಕಟ್ಟುತ್ತೇವೆ ಎಂದು ಒಬ್ಬಳು ಒಪ್ಪಿಕೊಂಡಳು. ಕೆಂಚಕ್ಕನ ಕೈ ಗಿಡ್ಡ ಎಂದು ಗೊತ್ತಿದ್ದೇ ತಾನು ಪ್ರತಿ ಸಲ ಜಗಳ ತೆಗೆದು ಕೊಸರೆಂದು ಒಂದಿಷ್ಟು ಹೆಚ್ಚಿಗೆ ಹಾಕಿಸಿಕೊಳ್ಳುತ್ತೇನೆ ಎಂದು ಗಿರಾಕಿ ಹೇಳಿದ. ಆ ಕೊಸರಿನ ಲೆಕ್ಕವನ್ನು ಯಾರೂ ಎಂದೂ ಬರೆದವರಲ್ಲ.

“ಊರಾಗ ಎಲ್ಲಾರಿಗೂ ಗೊತ್ತೈತ್ರಿ,” ಎಂದಳು ಶಿವಗಂಗಕ್ಕ. “ನಿಮ್ಮ ಫೋನಿಗೊಂದು ಗೊತ್ತಿಲ್ಲ.”

ಹುಲುಗೇಶನಿಗೆ ಆದ ಆನಂದವನ್ನು ಹೇಗೆ ಹೇಳಲಿ! ಒಂಬತ್ತು ವರ್ಷದ ಸಂಶೋಧನೆಯಲ್ಲಿ ಇಂಥ ಸೊಗಸಾದ ಸಂಗತಿ ಅವನಿಗೆ ಸಿಕ್ಕಿರಲಿಲ್ಲ. ಲೆಕ್ಕವೂ ಸರಿ, ಯಂತ್ರವೂ ಸರಿ, ನಡುವೆ ಇದ್ದದ್ದು ಎರಡು ಜೊತೆ ಕೈ. ಕೆಂಚಕ್ಕನ ಒಂದು ಮಾರೆಂದರೆ ಎರ್ರೆಮ್ಮನ ಹೆಚ್ಚುಕಡಿಮೆ ಮುಕ್ಕಾಲು ಮಾರು ಎಂದು ಒಂದು ಸಾಲು ಬರೆದರೆ ಮುಗಿಯಿತು. ಅವನು ಅಲ್ಲೇ ಫೋನು ತೆಗೆದು ಬರೆಯಲು ಶುರುಮಾಡಿದ.

“ಏನ್ ಬರಿಯಾಕತ್ತೀರಿ?” ಶಿವಗಂಗಕ್ಕನ ದನಿ ಬದಲಾಗಿತ್ತು. ದಾರ ಕತ್ತರಿಸುವ ಕತ್ತರಿ ಕೈಗೆ ಬಂದಿತ್ತು.

“ಇದೇ, ಎರಡು ಅಳತಿ...”

“ನನ್ನ ಅಂಗಡ್ಯಾಗ ಎರಡು ಅಳತಿ ಐತಿ ಅಂತ ಪುಸ್ತಕದಾಗ ಬರದು ಯುನಿವರ್ಸಿಟಿಗಿ ಕಳಿಸ್ತೀರಿ? ನಾಳಿಗೆ ತೂಕ ಅಳತಿಯವ್ರು ಬಂದು ಬಾಗಿಲು ಹಾಕ್ಸಿದ್ರ ನೀವು ಬಂದು ಹೂ ಮಾರ್ತೀರೇನು? ಬಾಯಿ ಮಾತಿನಾಗ ಇದ್ರ ಅದು ರೂಢಿ. ಬರದ್ರ ಅದು ಗುನ್ನೆ. ಬರೀರಿ, ಬರದು ನೋಡ್ರಿ ಮತ್ತ!”

ಎರಡು ತಿಂಗಳು ತನ್ನ ಅಂಗಡಿಯನ್ನೇ ಬಿಟ್ಟುಕೊಟ್ಟ ಹೆಂಗಸು. ಮೇಲಾಗಿ ಕತ್ತರಿ ಹರಿತವಾಗಿತ್ತು. ಹುಲುಗೇಶ ಬರೆದ ಸಾಲನ್ನು ಅಳಿಸಿದ.

ಹಾಗಾದರೆ ಇಬ್ಬರೂ ಒಂದೇ ಅಳತೆಯಲ್ಲಿ ಅಳೆಯಲಿ ಎಂಬ ಉಪಾಯ ಹೊಳೆಯಿತು. ಪಕ್ಕದ ದರ್ಜಿಯ ಟೇಪು ತಂದು, ಗಲ್ಲೆಯ ಹಲಗೆಗೆ ಒಂದೂವರೆ ಮೀಟರಿನ ಅಂತರದಲ್ಲಿ ಎರಡು ಮೊಳೆ ಹೊಡೆದ. ಇನ್ನು ಮೇಲೆ ಮೊಳೆಯಿಂದ ಮೊಳೆಗೆ ಒಂದು ಮಾರು.

ಆ ಮೊಳೆಗಳು ಇಪ್ಪತ್ತೇ ನಿಮಿಷ ಬದುಕಿದವು. ಹದಿನೆಂಟು ವರ್ಷ ತನ್ನ ಕೈಯ ಮೇಲೆ ಬರದ ಅನುಮಾನ ಇವತ್ತು ಯಾಕೆ ಬಂತು ಎಂದು ಎರ್ರೆಮ್ಮ ಸೆರಗು ಕೊಡವಿ ಹೊರಗೆ ಹೋಗಿ ಕುಳಿತಳು. ಅಳತೆ ಸರಿಯಾಗಿದೆ, ಆದ್ದರಿಂದ ಕೊಸರು ಇಲ್ಲ ಎಂದು ಕೆಂಚಕ್ಕ ಹೇಳಿದ್ದಕ್ಕೆ ಗಿರಾಕಿಗಳು ಅಂಗಡಿಯ ಮುಂದೆ ಗುಂಪು ಕಟ್ಟಿದರು. “ಸರಿ ಅಳತಿ ಯಾವನಿಗೆ ಬೇಕಾಗೈತಿ? ನಮಗ ಕೊಸರು ಬೇಕು!” ಎಂದು ಒಬ್ಬ ಕೂಗಿದ. ಹೂ ಕಟ್ಟುವವರು ತಮ್ಮ ಸಡಿಲ ಮಾಲೆಗಳನ್ನು ಮೊಳೆಗೆ ಹಿಡಿದಾಗ ಸಡಿಲ ಎದ್ದು ಕಂಡಿತೆಂದು ಅವರೂ ಗಂಟು ಕಟ್ಟಿಕೊಂಡು ಎದ್ದರು. ಶಿವಗಂಗಕ್ಕ ಸುತ್ತಿಗೆಯ ಹಿಂಬದಿಯಿಂದ ಎರಡೂ ಮೊಳೆ ಕಿತ್ತು ಹುಲುಗೇಶನ ಅಂಗೈಯಲ್ಲಿಟ್ಟಳು.

“ಸರ, ನೀವು ಒಳ್ಳೇವ್ರು ಅದೀರಿ. ಆದ್ರ ವ್ಯಾಪಾರ ಕೆಡಿಸಬ್ಯಾಡ್ರಿ,” ಎಂದಳು.

ಮೂರೂವರೆ ಆಗಿತ್ತು. ಪರೀಕ್ಷಕರಿಂದ ಕರೆ ಬಂತು, ಬಸ್ಸು ಊರು ಮುಟ್ಟುತ್ತಿದೆಯಂತೆ. ಫೋನಿನಲ್ಲಿ ನಿನ್ನೆಯ ಪುಟ ಹಾಗೇ ಕೆಂಪಗೆ ಕುಳಿತಿತ್ತು. ಕೈಗಳ ಸಂಗತಿ ಬರೆದರೆ ಶಿವಗಂಗಕ್ಕನ ಕತ್ತರಿ, ಬರೆಯದಿದ್ದರೆ ಮೈನಸ್ಸು. ಈ ಮೈನಸ್ಸು ನೋಡಿ ಯಾವ ಪರೀಕ್ಷಕ ಸಹಿ ಹಾಕುತ್ತಾನೆ?

ಆಗ ಒಂದು ಪವಾಡ ನಡೆಯಿತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಉಚ್ಚಂಗೆಪ್ಪನವರೂ ಕ್ರಾಂತಿಕುಮಾರನೂ ಒಂದೇ ಮಾತು ಆಡಿದರು.

“ತಮ್ಮಾ, ಆರಂಭದ ಸರಕು ಅಂತ ಒಂದು ಸಾಲು ಇರ್ತೈತಲ್ಲ,” ಎಂದರು ಉಚ್ಚಂಗೆಪ್ಪನವರು. “ನಿನ್ನೆ ಅಂಗಡಿ ತೆಗೆಯುವಾಗ ಮೊದ್ಲಿಂದು ಐವತ್ತಾರು ಮಾರು ಇತ್ತು ಅಂತ ಹಾಕು. ಐವತ್ತಾರಕ್ಕೆ ಇನ್ನೂರು ಕೂಡಿಸು, ಇನ್ನೂರ ಐವತ್ತಾರು ಕಳಿ. ಸೊನ್ನೆ. ಯಾವ ಆಡಿಟರ್ ಬಂದ್ರೂ ತುಟಿ ಬಿಚ್ಚಂಗಿಲ್ಲ.”

“ಸಾಫ್ಟ್‌ವೇರು ಒಪ್ಪತೈತಿ,” ಎಂದ ಕ್ರಾಂತಿಕುಮಾರ. “ಆ ಸಾಲು ಖಾಲಿನೇ ಐತಿ. ನಾ ನೋಡೀನಿ.”

ಹುಲುಗೇಶ ಪ್ರಾಮಾಣಿಕ ಮನುಷ್ಯ. ಆದರೆ ಒಂಬತ್ತು ವರ್ಷ ನೆನಪಾಯಿತು, ಜಗಲಿಯ ಟೇಬಲ್ಲು ನೆನಪಾಯಿತು, ಕಾಯಂ ಎಂಬ ಮಾತು ಕಣ್ಣ ಮುಂದೆ ಬಂತು. ಕಣ್ಣು ಮುಚ್ಚಿ ಐವತ್ತಾರು ಎಂದು ಒತ್ತಿದ. ಕೆಂಪು ಹೋಗಿ ಹಸಿರು ಸೊನ್ನೆ ಬಂತು.

ಸರಿಯಾಗಿ ನಾಲ್ಕಕ್ಕೆ ಪ್ರೊಫೆಸರ್ ಭೀಮರಾಜ ಅವರು ಬಂದರು. ಅರವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಚೀಲ, ಪುಸ್ತಕದಿಂದ ಎದ್ದು ಬಂದಂಥ ಮಾತು. ಕುರ್ಚಿಯ ಮೇಲೆ ಕುಳಿತು, ಕೊಟ್ಟ ಸೋಡಾವನ್ನು ಪಕ್ಕಕ್ಕಿಟ್ಟು, “ನಿನ್ನೆಯ ಲೆಕ್ಕವನ್ನು ತೋರಿಸುತ್ತೀರಾ?” ಎಂದರು.

ಹುಲುಗೇಶ ತೋರಿಸಿದ. ಅವರು ನೋಡಿದರು. ಮತ್ತೊಮ್ಮೆ ನೋಡಿದರು. ಮುಖದ ಮೇಲೆ ಏನೋ ಬಂದು ಹೋಯಿತು.

“ಸೊನ್ನೆ. ಅಚ್ಚುಕಟ್ಟಾಗಿ ತಾಳೆಯಾಗಿದೆ.”

“ಹೌದ್ರಿ ಸರ, ನಮ್ಮ ವಿಭಾಗದ ಮಾರ್ಗದರ್ಶನ,” ಎಂದು ಉಚ್ಚಂಗೆಪ್ಪನವರು ಮುಂದೆ ಬಂದರು.

“ತಾಂತ್ರಿಕ ನೆರವು ನಮ್ಮದು ಸರ್,” ಎಂದು ಕ್ರಾಂತಿಕುಮಾರ ಅವರಿಗಿಂತ ಮುಂದೆ ಬಂದ.

“ಒಂದೇ ಒಂದು ಅನುಮಾನ,” ಎಂದರು ಪ್ರೊಫೆಸರು. “ಆರಂಭದ ಸರಕು ಐವತ್ತಾರು ಮಾರು ಎಂದಿದೆ. ಇದು ಯಾವ ಹೂವು?”

“ಮಲ್ಲಿಗೆ ಸರ್,” ಎಂದ ಹುಲುಗೇಶ.

“ಎಂದರೆ, ಮೊನ್ನೆ ಉಳಿದ ಮಲ್ಲಿಗೆಯನ್ನು ನಿನ್ನೆ ಮಾರಿದ್ದೀರಿ.”

ಹುಲುಗೇಶ ಬಾಯಿ ತೆರೆಯುವ ಮೊದಲೇ ಗಲ್ಲೆಯ ಹಿಂದಿನಿಂದ ಕೆಂಚಕ್ಕ ಮಣೆಯ ಮೇಲೆ ಹಾರಿ ನಿಂತಳು.

“ಯಾವನ್ರಿ ಹಂಗಂದಾವ? ಮೊನ್ನಿ ಮಲ್ಲಿಗಿ ನಿನ್ನಿ ಮಾರಾಕ ನಮಗೇನು ಗತಿಗೇಡು ಬಂದೈತಿ? ಕಂದಿದ ಹೂವು ಮುತ್ತೈದೇರ ತಲೀಗೆ ಕೊಡ್ತೀವೇನು? ಇಪ್ಪತ್ತು ವರ್ಷ ಆತು, ಮಿಕ್ಕಿದ್ದು ಒಂದು ಎಳಿನೂ ಬೆಳಕು ಹರಿಯೂತನಕ ಇಟ್ಟಿಲ್ಲ. ಹಂಗ ಬರದಾವ ಯಾರು ಹೇಳ್ರಿ, ಅವನ್ನ ನೋಡ್ಕೊಂತೀನಿ!”

ಉಚ್ಚಂಗೆಪ್ಪನವರು ಬೀದಿಯ ಕಡೆ ನೋಡಿದರು. ಕ್ರಾಂತಿಕುಮಾರನಿಗೆ ಯಾರದೋ ಫೋನು ಬಂದಂತಾಯಿತು. ವಾಣಿಜ್ಯದವರೂ ಒಪ್ಪಿದ್ದ, ಕಂಪ್ಯೂಟರಿನವರೂ ಒಪ್ಪಿದ್ದ ಸಾಲನ್ನು ಮಲ್ಲಿಗೆ ಒಪ್ಪಲಿಲ್ಲ.

ಪ್ರೊಫೆಸರ್ ಭೀಮರಾಜರು ಗಹಗಹಿಸಿ ನಕ್ಕರು. ನಗುತ್ತ ನಗುತ್ತ ಅವರ ಪುಸ್ತಕದ ಕನ್ನಡ ಎಲ್ಲೋ ಬಿದ್ದುಹೋಯಿತು.

“ಬೆಳಿಗ್ಗಿ ಆರಕ್ಕ ನೋಡಿದಾಗ ಮೈನಸ್ ಐವತ್ತಾರು ಇತ್ತಲ್ರೀ! ಎಲ್ಲಿಗೆ ಕಳಿಸಿಬಿಟ್ರಿ ಅದನ್ನ?”

“ಸರ್... ನೀವು... ಬೆಳಿಗ್ಗೆ...?”

“ಪ್ರಬಂಧದ ಕಡೀ ಪುಟದಾಗ ಸಾಫ್ಟ್‌ವೇರಿನ ವಿಳಾಸ, ಪಾಸ್‌ವರ್ಡು ನೀವೇ ಬರದು ಕಳಿಸೀರಲ್ರಿ ಮಾರಾಯ್ರ. ನಿನ್ನಿಯಿಂದ ಕಾಯ್ಕೊಂಡು ಕುಂತಿದ್ದೆ.” ಅವರು ಸೋಡಾ ಎತ್ತಿ ಒಂದು ಗುಟುಕು ಕುಡಿದರು. “ನಾ ಹುಟ್ಟಿದ್ದು ಹಲವಾಗಲು ಊರಾಗ. ನಮ್ಮವ್ವ ಮಲ್ಲಿಗಿ ಕಟ್ಟಿ ಹರಪನಹಳ್ಳಿ ಅಂಗಡಿಗೆ ಕೊಡ್ತಿದ್ಲು. ಅಲ್ಲಿ ಅಳೆಯಾಕಿದು ಕೈ ಹಿಂಗಿತ್ತು ನೋಡ್ರಿ.” ಅವರು ಎರಡೂ ಕೈ ಅಗಲಿಸಿ ತೋರಿಸಿದರು. “ಅವ್ವ ಸಡಿಲ ಕಟ್ತಿದ್ಲು. ಹೂವಿನ ಲೆಕ್ಕ ತಾಳೆ ಆಗಂಗೇ ಇಲ್ಲರಿ. ಇಷ್ಟು ವರ್ಷ ಯಾವ ಲೆಕ್ಕದ ಪುಸ್ತಕನೂ ಅದನ್ನ ಹಿಡೀಲಿಲ್ಲ, ಯಾವ ಕಂಪ್ಯೂಟರೂ ಹಿಡೀಲಿಲ್ಲ. ನಿಮ್ಮದು ಹಿಡೀತು. ಆ ಮೈನಸ್ ನೋಡಿ ಬಸ್ಸಿನಾಗ ಕುಂತು ಕಣ್ಣೀರು ಬಂದುಬಿಟ್ಟಾವು ನನಗ.”

ಅವರು ಅಂಗಿಯ ಕಿಸೆಯಿಂದ ಒಂದು ಕಾಗದ ತೆಗೆದು ಬಿಚ್ಚಿದರು. ವಿಶ್ವವಿದ್ಯಾಲಯದ ಮುದ್ರೆಯಿದ್ದ ಒಪ್ಪಿಗೆ ಪತ್ರ. ಕೆಳಗೆ ನೀಲಿ ಮಸಿಯಲ್ಲಿ ಸಹಿ, ಇವತ್ತಿನದೇ ತಾರೀಖು.

“ಬಸ್ಸಿನಾಗೇ ಸಹಿ ಹಾಕಿಬಿಟ್ಟಿದ್ದೆ. ಕೈಗೆ ಕೊಟ್ಟು, ಒಂದು ಸೋಡಾ ಕುಡದು ಹೋಗೂಣು ಅಂತ ಬಂದೆ.”

ಹುಲುಗೇಶನ ಕೈ ತಾನಾಗಿಯೇ ಮುಂದೆ ಹೋಯಿತು. ಪ್ರೊಫೆಸರು ಕಾಗದವನ್ನು ಮಡಚಿ ಕಿಸೆಯೊಳಗೆ ಇಟ್ಟುಕೊಂಡರು.

“ನಾ ಸಹಿ ಹಾಕಿದ್ದು ಮೈನಸ್ ಐವತ್ತಾರಕ್ಕರಿ. ಈಗ ಅಲ್ಲಿ ಸೊನ್ನಿ ಕುಂತೈತಿ. ಸೊನ್ನಿಗೆ ನಾ ಹೆಂಗ ಪಿಎಚ್‌ಡಿ ಕೊಡ್ಲಿ?”

ಹುಲುಗೇಶ ಎಲ್ಲವನ್ನೂ ಒದರಿಬಿಟ್ಟ. ಎರ್ರೆಮ್ಮನ ಕೈ, ಕೆಂಚಕ್ಕನ ಕೈ, ಮೊಳೆ, ಕತ್ತರಿ, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸುವಾಗ ಅಳು ಬರುವಂತಿತ್ತು. ಪ್ರೊಫೆಸರು ಹೂ ಕಟ್ಟುವವಳ ಮಗ ಎಂದು ಕೇಳಿದ ಮೇಲೆ ಶಿವಗಂಗಕ್ಕನ ಮನಸ್ಸೂ ಕರಗಿತ್ತು. “ಹೋಗ್ಲಿ ಬಿಡ್ರಿ ಸರ, ಊರು ಹೆಸ್ರು ಹಾಕದ ಹಂಗ ಬರ್ಕೊಳ್ರಿ. ನಮ್ಮವ್ರೇ ಓದೋದಾದ್ರ ಅಡ್ಡಿಲ್ಲ. ದೊಡ್ಡ ಸರ, ನೀವು ಅವ್ರಿಗೆ ಈಗ ಕಾಗದ ಕೊಟ್ಬಿಡ್ರಿ ಪಾಪ,” ಎಂದಳು.

“ಬರೀಲಿ, ಬರದ ಮ್ಯಾಲೆ ಕೊಡ್ತೀನಿ,” ಎಂದರು ಭೀಮರಾಜರು. “ಕೈ, ಸಡಿಲ ಮಾಲಿ, ಕೊಸರು, ಎಲ್ಲಾ ಒಂದು ಅಧ್ಯಾಯ ಆಗ್ಲಿ. ತಿದ್ದಿ ಮತ್ತ ಕೊಡಾಕ ನಿಯಮದ ಪ್ರಕಾರ ಆರು ತಿಂಗಳು. ಒಳ್ಳೇ ಕೆಲಸಕ್ಕ ಆರು ತಿಂಗಳೇನು ಹೆಚ್ಚಲ್ರಿ.”

ನಾಲ್ಕು ದಿನದಲ್ಲಿ ಆರು ತಿಂಗಳನ್ನು ಕಳೆದರೆ ಎಷ್ಟು ಉಳಿಯುತ್ತದೆ ಎಂದು ಹುಲುಗೇಶನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ, ಯಾಕೋ ಏನೋ, ಅವನಿಗೂ ನಗು ಬಂತು. ಒಂದು ಅಧ್ಯಾಯ! ತಲೆಯಲ್ಲಿ ಆಗಲೇ ಮೊದಲ ವಾಕ್ಯ ಶುರುವಾಗಿತ್ತು.

ಪ್ರೊಫೆಸರು ಎದ್ದು ಗಲ್ಲೆಯ ಮುಂದೆ ನಿಂತರು. “ಎರಡು ಮಾರು ಕೊಡವ್ವಾ. ಮನ್ಯಾಗ ಕೇಳ್ಯಾಳ.”

ಕೆಂಚಕ್ಕ ಅಳೆದಳು, ಫೋನಿನಲ್ಲಿ ಎರಡು ಒತ್ತಿದಳು. ಇವತ್ತಿನ ಪುಟದಲ್ಲಿ ಉಳಿದಿದ್ದದ್ದು ಒಂದೇ ಮಾರು. ಅವಳ ಹಿಂದಿನ ಬುಟ್ಟಿಯಲ್ಲಿ ಮಲ್ಲಿಗೆ ಇನ್ನೂ ರಾಶಿ ಬಿದ್ದಿತ್ತು. ಪರದೆ ಕೆಂಪಾಯಿತು: ಮೈನಸ್ ಒಂದು.

“ನೋಡ್ರಿ, ಶುರುವಾತು!” ಎಂದು ಭೀಮರಾಜರು ಮಗುವಿನಂತೆ ಚಪ್ಪಾಳೆ ತಟ್ಟಿದರು. ಉಚ್ಚಂಗೆಪ್ಪನವರ ಬೆರಳು ಅಭ್ಯಾಸಬಲದಿಂದ ಆ ಕಡೆ ಹೊರಟದ್ದನ್ನು ಕಂಡು, “ಯಾರೂ ಮುಟ್ಟಬ್ಯಾಡ್ರಿ ಅದನ್ನ. ಏನವ್ವಾ, ಕೊಸರು ಎಲ್ಲಿ?” ಎಂದರು.

ಕೊಸರಿಗೆ ಐದು ನಿಮಿಷ ಜಗಳವಾಯಿತು. ಪ್ರೊಫೆಸರು ಗೆದ್ದು ಒಂದು ಗೇಣು ಹಾಕಿಸಿಕೊಂಡರು. ಹುಲುಗೇಶನೇ ಅವರ ಚೀಲ ಹೊತ್ತು ಬಸ್ ಸ್ಟ್ಯಾಂಡಿಗೆ ಹೋಗಿ, ಕಿಟಕಿ ಪಕ್ಕದ ಸೀಟಿಗೆ ಟವೆಲ್ಲು ಹಾಕಿ ಅವರನ್ನು ಕೂಡಿಸಿದ. ಐದು ಗಂಟೆಗೆ ಹರಪನಹಳ್ಳಿಯ ಬಸ್ಸು ಹೊರಟಿತು. ಅದರಲ್ಲಿ ಎರಡು ಮಾರು ಮಲ್ಲಿಗೆ, ಒಂದು ಗೇಣು ಕೊಸರು ಮತ್ತು ಸಹಿ ಬಿದ್ದ ಹುಲುಗೇಶನ ಡಾಕ್ಟರೇಟು ಮೂರೂ ಒಂದೇ ಸೀಟಿನಲ್ಲಿ ಪ್ರಯಾಣ ಮಾಡಿದವು.